ಮುಯ್ಯಿಗೆ ಬಂದ ಪಿಯಾನೊ

"ಹೆಬ್ಬಾತುಗಳಿಗೆ ನಿನ್ನ ಪೋಸ್ಟರ್ ಓದೋಕೆ ಬರಲ್ಲ ಕಣೆ," ಎಂದಳು ಅತ್ತೆ ಕಮರ್‌ಬಾನು, ಚಾಕುವನ್ನು ಕಲ್ಲಿಗೆ ಉಜ್ಜುತ್ತಾ. "ಚಳಿ ಕಚ್ಚಿದ ಮೇಲೆ ಕೊಯ್ಯೋದು. ಈಗ ಕಚ್ಚಿದೆ. ನಾಳೆ ನಮ್ಮನೇಲಿ ಮುಯ್ಯಿ, ಎಲ್ರೂ ಬಂದು ಪುಕ್ಕ ಕಿತ್ತುಕೊಡ್ತಾರೆ, ನಾಳಿದ್ದು ಅವ್ರ ಮನೇಗೆ ನಾವು. ಕೇರಿಯೋರಿಗೆಲ್ಲ ಹೇಳಿ ಆಯ್ತು."

ಸೊಸೆ ತಂಝಿಲಾಳ ಕೈಯಲ್ಲಿ ಕಛೇರಿಯ ಪೋಸ್ಟರ್ ಇತ್ತು. ನಾಳೆ ಸಂಜೆಯೇ ಊರ ಕ್ಲಬ್ಬಿನಲ್ಲಿ ಪಿಯಾನೊ ಕಛೇರಿ. ಕಜಾನ್ ನಗರದಿಂದ ಜೈತೂನಾ ಸಬೀರೊವಾ ಬರುತ್ತಿದ್ದಾಳೆ. ತಾತಾರರು ಪಿಯಾನೊಗೆಂದು ಬರೆದ ಸಂಗೀತವನ್ನು ಹೆಲ್ಸಿಂಕಿಯಲ್ಲಿ, ವಿಯೆನ್ನಾದಲ್ಲಿ ನುಡಿಸಿ, ಆ ಹೆಸರುಗಳನ್ನೇ ಕೇಳಿರದ ಜನರನ್ನು ಎದ್ದುನಿಲ್ಲಿಸಿ ಚಪ್ಪಾಳೆ ತಟ್ಟಿಸಿದವಳು. ಅಂಥವಳನ್ನು ಈ ತಾಶ್‌ಚಿಶ್ಮೆ ಹಳ್ಳಿಗೆ ಕರೆತರಲು ಕ್ಲಬ್ಬಿನ ಮೇಲ್ವಿಚಾರಕಿಯಾದ ತಂಝಿಲಾ ಫೋನಿನಲ್ಲಿ ಎಷ್ಟು ಗೋಗರೆದಿದ್ದಳೋ ಅವಳಿಗೇ ಗೊತ್ತು. ಈಗ ಊರಿನ ಹೆಂಗಸರೆಲ್ಲ ಅತ್ತೆಯ ಮನೆಯಲ್ಲಿ ಪುಕ್ಕ ಕೀಳುತ್ತಾ, ತಿನ್ನುತ್ತಾ, ಹಾಡುತ್ತಾ ರಾತ್ರಿಯವರೆಗೆ ಕೂತರೆ ಕ್ಲಬ್ಬಿಗೆ ಬರುವವರು ಯಾರು? ಗಂಡಸರೇ? ಆ ಊರಿನ ಗಂಡಸರು ಹೆಂಡತಿ ಪಕ್ಕದಲ್ಲಿಲ್ಲದೆ ಕ್ಲಬ್ಬಿನ ಕುರ್ಚಿಯ ಮೇಲೆ ಕೂತದ್ದನ್ನು ಯಾರೂ ಕಂಡವರಿಲ್ಲ.

"ಒಂದು ದಿನ ಮುಂದಕ್ಕೆ ಹಾಕಿ ಅತ್ತೆ. ಮನೆಗೆ ಬಂದ ಅತಿಥಿ ಖಾಲಿ ಕುರ್ಚಿಗಳಿಗೆ ನುಡಿಸ್ಬೇಕಾ? ನಾನು ಮುಖ ಎಲ್ಲಿಟ್ಕೊಳ್ಳಲಿ?"

"ಎಲ್ಲಿದೆಯೋ ಅಲ್ಲೇ ಇಟ್ಕೋ. ಬಂದು ಏನು ನುಡಿಸ್ತಾಳೆ? ಆ ತೂತು ಬಿದ್ದ ಹಾಡು ತಾನೇ?"

ಇದು ಹಳೆಯ ಗಾಯ. ಕಮರ್‌ಬಾನು ಇನ್ನೂ ಮದುವೆಯಾಗದ ಹುಡುಗಿಯಾಗಿದ್ದಾಗ ಕಜಾನಿನ ಒಬ್ಬ ಸಂಗೀತಗಾರ ಚಳಿಗಾಲದಲ್ಲಿ ಊರಿಗೆ ಬಂದಿದ್ದ. ಅವಳ ತವರಿನಲ್ಲಿ ಹೆಬ್ಬಾತಿನ ಮುಯ್ಯಿ ನಡೆಯುತ್ತಿತ್ತು. ಆತ ಮೂಲೆಯಲ್ಲಿ ಕೂತು, ಪುಕ್ಕ ಕೀಳುತ್ತಾ ಹೆಂಗಸರು ಹಾಡುವುದನ್ನು ಕೇಳಿದ, ಬರೆದುಕೊಂಡ, ಮಾಂಸ ತುಂಬಿದ ಬೆಲಿಶ್ ಕಡುಬನ್ನು ಹೊಟ್ಟೆ ತುಂಬ ತಿಂದು ಹೋದ. ಎಷ್ಟೋ ವರ್ಷದ ಮೇಲೆ ಆ ಹಾಡು ಪಿಯಾನೊ ರಚನೆಯಾಗಿ ರೇಡಿಯೊದಲ್ಲಿ ಬಂತು. ಊರಿಗೆ ಊರೇ ಕಿವಿಗೊಟ್ಟು ಕೂತಿತ್ತು. ನಮ್ಮ ರಾಗ, ನಮ್ಮದೇ ರಾಗ ಎಂದು ಎಲ್ಲರೂ ಹಿಗ್ಗುತ್ತಿರುವಾಗ ನಟ್ಟನಡುವೆ ಪಿಯಾನೊ ಗಪ್ಪೆಂದು ನಿಂತುಹೋಯಿತು. ರೇಡಿಯೊ ಕೆಟ್ಟಿತೆಂದು ಯಾರೋ ಅದರ ತಲೆಗೆ ಒಂದೇಟು ಕೊಟ್ಟರು. ಆಮೇಲೆ ಪಿಯಾನೊ ಏನೂ ಆಗಿಲ್ಲವೆಂಬಂತೆ ಮುಂದುವರಿಯಿತು. ಜನ ಬಿದ್ದು ಬಿದ್ದು ನಕ್ಕರು. ಕಮರ್‌ಬಾನು ನಗಲಿಲ್ಲ. "ನಮ್ಮನೆ ಬೆಲಿಶ್ ತಿಂದು, ನಮ್ಮ ಹಾಡು ಹೊತ್ಕೊಂಡು ಹೋಗಿ, ತೂತು ಮಾಡಿ ವಾಪಸ್ ಕೊಟ್ಟ," ಎಂದಳು. ಆ ಮಾತು ಊರಿನಲ್ಲಿ ಗಾದೆಯಾಯಿತು. ಸಾಲ ಕೊಟ್ಟ ಜರಡಿ ಹರಿದು ಬಂದರೂ ಜನ ಅದನ್ನೇ ಹೇಳುತ್ತಿದ್ದರು.

ಅವಳ ಸಿಟ್ಟಿನ ಕೆಳಗೆ ಇನ್ನೊಂದು ಇತ್ತು. ಆ ಹಾಡಿನ ಜೊತೆಗೆ ತಂಗಿ ಮಾಹಿರಾಳ ನೆನಪು ಅಂಟಿಕೊಂಡಿತ್ತು. ಮಾಹಿರಾಳ ಎಡಗೈಯ ಎರಡು ಬೆರಳು ಚಿಕ್ಕಂದಿನಲ್ಲೇ ಹಿಮಬಂಡಿಯ ಕೆಳಗೆ ಸಿಕ್ಕಿ ಜಜ್ಜಿಹೋಗಿ ಮಡಚುತ್ತಿರಲಿಲ್ಲ. ಪುಕ್ಕ ಕೀಳುವುದರಲ್ಲಿ ಬಲು ನಿಧಾನ. ಆಗೆಲ್ಲ ಇಬ್ಬಿಬ್ಬರಿಗೆ ಒಂದು ಹೆಬ್ಬಾತು. ಅಕ್ಕ ತಂಗಿ ಒಂದೇ ಹೆಬ್ಬಾತನ್ನು ನಡುವೆ ಹಾಸಿಕೊಂಡು ಕೂರುತ್ತಿದ್ದರು. ಆ ಸಂಗೀತಗಾರ ಬಂದುಹೋದ ಮೇಲಿನ ಒಂದು ಚಳಿಗಾಲ, ಹತ್ತು ಜನರ ಎದುರಿಗೆ, ಕಮರ್‌ಬಾನು ತಾಳ್ಮೆಗೆಟ್ಟು "ನಿನ್ನ ನಂಬಿದ್ರೆ ಹೆಬ್ಬಾತು ಕೊಳೆತುಹೋಗತ್ತೆ, ಎದ್ದು ಒಲೆ ಮುಂದೆ ಕೂತ್ಕೋ ಹೋಗು" ಎಂದುಬಿಟ್ಟಳು. ಮಾಹಿರಾ ಎದ್ದು ಹೋದಳು. ಅದೇ ತಿಂಗಳು ಮದುವೆಯಾಗಿ ದೂರದ ಊರಿಗೆ ಹೊರಟಳು. ಮರುವರ್ಷದ ವಸಂತದ ಹೊತ್ತಿಗೆ ಹೆರಿಗೆಯಲ್ಲಿ ತೀರಿಕೊಂಡಳು. "ಪಾಪದ್ದು ಅದು. ಒಂದಿನಾನೂ ಕಾಯಲಿಲ್ಲ ನಾನು. ಬೈದು ಬೈದೇ ಕಳಿಸಿದೆ," ಎಂದು ಕಮರ್‌ಬಾನು ಪ್ರತಿ ಮುಯ್ಯಿಯಲ್ಲೂ ಒಮ್ಮೆಯಾದರೂ ಹೇಳುತ್ತಿದ್ದಳು. ಅಂದಿನಿಂದ ಅವಳಿರುವ ಮನೆಯಲ್ಲಿ ಒಬ್ಬೊಬ್ಬರಿಗೊಂದು ಹೆಬ್ಬಾತು. ಆ ಹಾಡನ್ನು ಉಳಿದವರು ಹಾಡಿದರೂ ಅವಳು ತುಟಿ ಬಿಚ್ಚುತ್ತಿರಲಿಲ್ಲ.

ಜೈತೂನಾ ಬೆಳಿಗ್ಗೆಯೇ ಬಂದಳು. ನಲವತ್ತು ದಾಟಿದ ತೆಳ್ಳಗಿನ ಹೆಂಗಸು, ಮೂಗು ಚಳಿಗೆ ಕೆಂಪಾಗಿತ್ತು. ಬಂದವಳೇ ಕೋಟು ಕೂಡ ಬಿಚ್ಚದೆ ಕ್ಲಬ್ಬಿನ ಪಿಯಾನೊ ಮುಂದೆ ಕೂತು ಮೇಲಿಂದ ಕೆಳಗಿನವರೆಗೆ ಒಂದೊಂದು ಸ್ವರದ ಮನೆಯನ್ನೂ ಒತ್ತಿ ನೋಡಿ, "ವಯಸ್ಸಾಗಿದೆ, ಆದ್ರೆ ಬುದ್ಧಿ ಸ್ಥಿಮಿತದಲ್ಲಿದೆ," ಎಂದಳು. ತಂಝಿಲಾ ಮುಯ್ಯಿಯ ವಿಷಯವನ್ನು ಮುಚ್ಚಿಡದೆ ಹೇಳಿಬಿಟ್ಟಳು. ಸಂಜೆ ಯಾರೂ ಬರದಿರಬಹುದು, ತಪ್ಪು ನನ್ನದೇ, ಕ್ಷಮಿಸಿ ಎಂದಳು.

"ಮುಯ್ಯಿ ಯಾರ ಮನೇಲಿ?"

"ನಮ್ಮನೇಲೇ. ನಮ್ಮತ್ತೆ."

"ಹಾಗಾದ್ರೆ ನಡೀರಿ. ಇನ್ನೂ ಪುಕ್ಕ ಉಳಿದಿರಬೇಕು."

"ನಿಮ್ಮ ಕೈ ಜೈತೂನಾ ಅವರೇ. ಬಿಸಿ ಹಬೆ, ಆಮೇಲೆ ಒರತೆಯ ನೀರು. ಏನಾದ್ರೂ ಆದ್ರೆ?"

"ಕೈ ಏನು ಸಕ್ಕರೇಲಿ ಮಾಡಿದ್ದಾ ತಂಝಿಲಾ ಆಪಾ? ಕರಗೋಕೆ?"

ಮನೆಯೊಳಗೆ ಹಬೆ, ನಗು, ಒದ್ದೆ ಪುಕ್ಕದ ವಾಸನೆ. ಹೆಂಗಸರು ತಗ್ಗು ಮಣೆಗಳ ಮೇಲೆ ಕೂತಿದ್ದರು. ಕಜಾನಿನ ಕೋಟು ಒಳಗೆ ಬಂದದ್ದೇ ಎಲ್ಲರ ಬಾಯಿಗೂ ಬೀಗ ಬಿತ್ತು. ಜೈತೂನಾ ಸಲಾಮು ಹೇಳಿ, ತಲೆಗೆ ವಸ್ತ್ರ ಕಟ್ಟಿ, ತೋಳು ಮಡಚಿ, "ನನಗೂ ಒಂದು ಕೊಡಿ," ಎಂದಳು.

ಪಕ್ಕದ ಮನೆಯ ಮಿನ್ಸಿಲುವಿಗೆ ಬಾಯಿ ಕಟ್ಟಿಡುವುದು ಜನ್ಮದಲ್ಲೇ ಗೊತ್ತಿಲ್ಲ. "ಕಮರ್‌ಬಾನು ಆಪಾ, ಇವ್ರಿಗೆ ಹೆಬ್ಬಾತು ಕೊಟ್ರೆ ಹೆಬ್ಬಾತೇ ಎದ್ದು ಹಾರಿಹೋದೀತು. ಮೊದ್ಲು ಒಂದು ದಿಂಬು ಕೊಡಿ, ಅಭ್ಯಾಸಕ್ಕೆ."

ಕಮರ್‌ಬಾನು ನಗಲಿಲ್ಲ. ಬಂದವಳ ಕೈಗಳನ್ನು ದಿಟ್ಟಿಸಿ ನೋಡಿದಳು. "ಒಂದನ್ನ ಪೂರ್ತಿ ಕೀಳೋಕಾಗಲ್ಲ ನಿನಗೆ. ಸೊಸೆ ಜೊತೆ ಕೂತ್ಕೋ. ಒಂದರಲ್ಲೇ ಇಬ್ರೂ ಕೀಳಿ."

ಆ ಮನೆಯಲ್ಲಿ ಇಬ್ಬರು ಒಂದೇ ಹೆಬ್ಬಾತಿಗೆ ಕೂತದ್ದು ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಅತ್ತೆ ಹಾಗೆಂದು ತಕ್ಷಣ ಬೇರೆ ಕಡೆ ತಿರುಗಿಬಿಟ್ಟದ್ದನ್ನು ತಂಝಿಲಾ ಗಮನಿಸಿದಳು.

ಜೈತೂನಾ ಕಲಿತ ಬಗೆ ನೋಡಬೇಕಿತ್ತು. ಮೊದಲ ಹಿಡಿಗೆ ಚರ್ಮ ಹರಿಯಿತು, ಎರಡನೆಯದಕ್ಕೆ ಬರೀ ಮೂರು ಪುಕ್ಕ ಬಂತು. ಮಿನ್ಸಿಲು ಎಣಿಸಿ ತೋರಿಸಿದಳು. ಜೈತೂನಾ ನಾಚಿಕೊಳ್ಳಲಿಲ್ಲ, ತಂಝಿಲಾಳ ಮಣಿಕಟ್ಟನ್ನೇ ನೋಡಿದಳು. ಎಳೆಯುವ ದಿಕ್ಕು, ಹೆಬ್ಬೆರಳಿನ ಒತ್ತು, ಪುಕ್ಕ ಸಡಿಲಲೆಂದು ಹೊದಿಸಿದ ಹಬೆಯ ಬಟ್ಟೆ ಎತ್ತುವ ಗಳಿಗೆ ಎಲ್ಲವನ್ನೂ ನೋಡಿಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ಕೈಗೂ ಹದ ಸಿಕ್ಕಿತು. ಆದರೂ ನಿಧಾನವೇ. ಹೆಂಗಸರು ಹಾಡು ಎತ್ತಿಕೊಂಡರು, ಊರಿನ ಅದೇ ಹಾಡು. ಚುರುಕಾಗಿ, ಒಂದು ಸಾಲಿನ ಬಾಲಕ್ಕೆ ಇನ್ನೊಂದನ್ನು ಕಟ್ಟಿಕೊಂಡು ಓಡಿಸುತ್ತಾ ಹಾಡಿದರು. ತಂಝಿಲಾ ತನ್ನ ಕಡೆಯನ್ನು ಮುಗಿಸಿ ಕೈ ನಿಲ್ಲಿಸಿದಳು. ಅವಳ ದನಿಯೂ ನಿಂತಿತು.

"ಯಾಕೆ ನಿಲ್ಲಿಸಿದ್ರಿ?" ಎಂದಳು ಜೈತೂನಾ.

"ಮಗುಚಬೇಕಲ್ಲ. ನಿಮ್ಮ ಕಡೆ ಮುಗೀಲಿ ಅಂತ."

ಜೈತೂನಾ ಕೈಯಲ್ಲಿ ಹಿಡಿ ಪುಕ್ಕ ಹಿಡಿದುಕೊಂಡೇ ಅವಳನ್ನು ನೋಡಿದಳು. ಏನೋ ಕೇಳುವವಳಂತೆ ಬಾಯಿ ತೆರೆದು, ಕೇಳದೆ, ಬೇಗ ಬೇಗ ತನ್ನ ಕಡೆ ಮುಗಿಸಿದಳು. ಇಬ್ಬರೂ ಸೇರಿ ಹೆಬ್ಬಾತನ್ನು ಮಗುಚಿದರು. ಹಾಡು ಆ ಹೊತ್ತಿಗೆ ಎರಡು ಸಾಲು ಮುಂದೆ ಹೋಗಿತ್ತು.

ಆಮೇಲೆ ಹೆಬ್ಬಾತುಗಳನ್ನು ಅಡ್ಡೆಯಲ್ಲಿ ತೂಗುಹಾಕಿ ಒರತೆಗೆ ಹೊತ್ತರು. ಮುಂದಿನ ವರ್ಷ ಮರಿ ಹೆಚ್ಚಲಿ ಎಂದು ದಾರಿಯುದ್ದಕ್ಕೂ ಪುಕ್ಕ ಚೆಲ್ಲಿದರು. ಜೈತೂನಾ ಒಂದು ಅಡ್ಡೆ ಹೊತ್ತಳು, ಹೆಪ್ಪುಗಟ್ಟುವ ನೀರಲ್ಲಿ ಕೈಯಿಟ್ಟು ತೊಳೆದಳು. ಬೆರಳು ಬೀಟ್‌ರೂಟಿನಂತೆ ಕೆಂಪಾದವು. ತಂಝಿಲಾ ಮನಸ್ಸಿನಲ್ಲೇ ದೇವರಿಗೆ ಹರಕೆ ಹೊತ್ತಳು.

ಬಿಸಿ ಬೆಲಿಶ್, ಹಾಲು ಹಾಕಿದ ಚಹಾ ಮುಂದೆ ಬಂದಾಗ ಜೈತೂನಾ ಬಟ್ಟಲನ್ನು ಎರಡೂ ಕೈಯಲ್ಲಿ ಅವುಚಿಕೊಂಡು, "ಆಪಾ, ನಾನು ನಿಮ್ಮ ಮುಯ್ಯಿಗೆ ಬಂದೆ. ಸಂಜೆ ಕ್ಲಬ್ಬಿನಲ್ಲಿ ನನ್ನ ಮುಯ್ಯಿ. ನೀವೂ ಬರ್ಬೇಕು," ಎಂದಳು.

ಮುಯ್ಯಿಯ ಋಣ ಉಳಿಸಿಕೊಂಡು ಸತ್ತವರಿಗೆ ಮೇಲೆ ಹಾಕಿದ ಮಣ್ಣೂ ಭಾರ ಎಂದು ಊರಿಗೆಲ್ಲ ಬೋಧಿಸಿದವಳು ಯಾರು? ಇದೇ ಕಮರ್‌ಬಾನು. ಪಕ್ಕದ ಮನೆಯವರು ಮುಯ್ಯಿಗೆ ಬರಲಿಲ್ಲವೆಂದು ಎರಡು ವರ್ಷ ಮಾತು ಬಿಟ್ಟವಳು.

"ಅಲ್ಲಿ ಕೀಳೋಕೆ ಏನಿದೆ?" ಎಂದಳು ಕೊನೆಗೆ.

"ಏನೂ ಇಲ್ಲ. ಕೇಳೋದು, ಅಷ್ಟೇ ಕೆಲಸ."

"ಕೇಳೋದೂ ಒಂದು ಕೆಲಸವಾ?"

"ಪುಕ್ಕ ಕೀಳೋದಕ್ಕಿಂತ ಕಷ್ಟ ಆಪಾ. ಮಧ್ಯದಲ್ಲಿ ಹರಟೋ ಹಾಗಿಲ್ಲ."

"ಹಾಗಾದ್ರೆ ಮಿನ್ಸಿಲು ಸತ್ತೇಹೋಗ್ತಾಳೆ," ಎಂದು ಯಾರೋ ಅಂದರು. ಮನೆ ನಗುವಿನಲ್ಲಿ ಮುಳುಗಿತು. ಕಮರ್‌ಬಾನು ನಗು ಇಳಿಯುವವರೆಗೆ ಕಾದು, ಮುಖಕ್ಕೆ ಹೊಡೆದಂತೆ ಹೇಳಿದಳು. "ಬರ್ತೀನಿ, ಎಲ್ಲರನ್ನೂ ಕರ್ಕೊಂಡೇ ಬರ್ತೀನಿ. ಆದ್ರೆ ಮಗಳೇ, ಮುಂಚೇನೇ ಹೇಳಿರ್ತೀನಿ. ನಮ್ಮ ಹಾಡಿನಲ್ಲಿ ಆ ತೂತು ಬಂತೋ, ಎದ್ದು ಹೋಗ್ತೀನಿ. ನಾನು ಎದ್ರೆ ಇವ್ರೂ ಏಳ್ತಾರೆ."

ಕ್ಲಬ್ಬಿಗೆ ಹೋಗುವ ದಾರಿಯಲ್ಲಿ ತಂಝಿಲಾ ಜೈತೂನಾಳ ತೋಳು ಹಿಡಿದಳು. "ಆ ಒಂದು ಜಾಗ ಬಿಟ್ಬಿಡಿ. ನಿಲ್ಲಿಸ್ದೆ ಮುಂದಕ್ಕೆ ಹೋಗ್ಬಿಡಿ. ಅವ್ರು ಎಂಥೋರು ಅಂತ ನನಗೆ ಗೊತ್ತು, ಹೇಳಿದ ಹಾಗೇ ಮಾಡ್ತಾರೆ. ಇಲ್ಲಿ ಯಾರಿಗೆ ಗೊತ್ತಾಗತ್ತೆ? ಹಾಡು ಇರೋದೇ ಹಾಗೆ, ಅತ್ತೆ ತವರಿಗೆ ಬಂದು ಬರ್ಕೊಂಡೋರು ತಪ್ಪು ಬರ್ಕೊಂಡಿದಾರೆ. ನೀವೇ ಕೇಳಿದ್ರಲ್ಲ ಬೆಳಿಗ್ಗೆ."

"ಕೇಳ್ದೆ," ಎಂದಳು ಜೈತೂನಾ. "ಆಪಾ, ನಾನು ಇದನ್ನ ಹೆಲ್ಸಿಂಕಿಯಲ್ಲಿ ನುಡಿಸಿದಾಗ ಮುಂದಿನ ಸಾಲಿನಲ್ಲಿದ್ದ ಒಬ್ರು ನನಗೆ ಮರೆತುಹೋಯ್ತು ಅಂತ ಕಣ್ಣು ಮುಚ್ಕೊಂಡ್ರು. ನನ್ನ ಗುರುಗಳೂ ತೆಗೆದುಬಿಡು ಅಂದ್ರು. ತೆಗೀಲಿಲ್ಲ. ಅಲ್ಲಿ ಯಾಕೆ ನಿಲ್ಲಬೇಕು ಅಂತ ನನಗೂ ಗೊತ್ತಿರಲಿಲ್ಲ. ಆದ್ರೆ ಉಳಿದ ಒಂದೊಂದು ಸ್ವರಾನೂ ಅಷ್ಟು ಎಚ್ಚರಿಕೆಯಿಂದ ಬರೆದೋರು ಇದೊಂದನ್ನ ಕಣ್ಣು ಮುಚ್ಚಿ ಬರೀತಾರಾ? ಊರೂರು ತಿರುಗಿ ಅದನ್ನ ಹಾಗೇ ನುಡಿಸಿ, ಹುಟ್ಟಿದ ಮನೇಲಿ ಮಾತ್ರ ಬದಲಾಯಿಸಿದ್ರೆ ನಾನು ಬಂದಿದ್ದೇ ದಂಡ."

"ಅವ್ರು ಎದ್ದು ಹೋದ್ರೆ?"

"ಹೋಗ್ಲಿ. ಮುಯ್ಯಿ ತೀರಿಸಿದ ಹಾಗೇ ಆಯ್ತಲ್ಲ."

ತಂಝಿಲಾಗೆ ಸಿಟ್ಟೂ ಬಂತು, ಅವಳ ಮೇಲೆ ಹಿಡಿಸಲಾರದಷ್ಟು ಗೌರವವೂ ಬಂತು. ಊದಿದ ಬೆರಳಿಟ್ಟುಕೊಂಡು ಇಷ್ಟು ತಣ್ಣಗೆ ಮಾತಾಡುವ ಹೆಂಗಸನ್ನು ಅವಳು ಕಂಡಿರಲಿಲ್ಲ.

ಸಂಜೆ ಕ್ಲಬ್ಬು ತುಂಬಿತು. ಮೈಯಲ್ಲಿ ಇನ್ನೂ ಹೆಬ್ಬಾತಿನ ವಾಸನೆಯಿದ್ದ ಹೆಂಗಸರು, ಅವರ ಹಿಂದೆ ಗಡ್ಡ ಬೋಳಿಸಿಕೊಂಡ ಗಂಡಸರು, ಒದ್ದೆಯಾದ ಉಣ್ಣೆ ಬೂಟುಗಳ ಸಾಲು. ಕಮರ್‌ಬಾನು ಮುಂದಿನ ಸಾಲಿನಲ್ಲಿ ಕೂತಳು. ಬಲಕ್ಕೆ ತಂಝಿಲಾ, ಎಡಗಡೆಯ ಕುರ್ಚಿ ಖಾಲಿ. ಅವಳ ಪಕ್ಕಕ್ಕೆ ಬಂದು ಕೂರುವ ಧೈರ್ಯ ಯಾರಿಗಿತ್ತು?

ಜೈತೂನಾ ಪ್ರತಿ ರಚನೆಗೆ ಮುಂಚೆ ಎರಡೇ ಮಾತು ಹೇಳಿದಳು. ಇದು ಮದುವೆ ಮನೆಯ ಕುಣಿತ, ಇದು ನದಿಯ ಮೇಲೆ ದೋಣಿ, ಇದು ಅಜ್ಜಿ ಪ್ರಾರ್ಥನೆ ಮುಗಿಸಿ ಹಾಸಿಗೆ ಬಿಡಿಸುತ್ತಿರುವುದು. ಮೊದಮೊದಲು ಜನ ಕೆಮ್ಮಿದರು, ಕುರ್ಚಿ ಕಿರುಗುಟ್ಟಿಸಿದರು. ಕುಣಿತದ ಹೊತ್ತಿಗೆ ಹಿಂದಿನ ಸಾಲಿನ ಗಂಡಸರ ಬೂಟುಗಳು ನೆಲಕ್ಕೆ ತಾಳ ಹಾಕತೊಡಗಿದವು. ಅಜ್ಜಿಯ ಪ್ರಾರ್ಥನೆ ಬಂದಾಗ ಮಿನ್ಸಿಲು ಕೂಡ ಉಸಿರೆತ್ತಲಿಲ್ಲ. ಹುಟ್ಟಿದಾಗಿನಿಂದ ಗರ್ಮೋನು ಎಂಬ ತಿದಿವಾದ್ಯ ಬಿಟ್ಟು ಬೇರೆ ವಾದ್ಯವನ್ನು ಎದುರಿಗೆ ಕೂತು ಕೇಳದ ಕಿವಿಗಳು ಅವು. ಅವುಗಳೊಳಗೆ ಈ ಹೆಂಗಸು ಬಾಗಿಲು ತಟ್ಟದೆ, ಮನೆಯವಳ ಹಾಗೆ ನಡೆದುಹೋದಳು. ದೊಡ್ಡ ಸದ್ದಿನ ಕಡೆ ದೊಡ್ಡ ಸದ್ದು, ಹಾಡಿನಲ್ಲಿ ಗಂಟಲು ಕೊಂಕುವ ಕಡೆ ಬೆರಳೂ ಹಾಗೆಯೇ ಕೊಂಕಿತು. ಕಬ್ಬಿಣ, ಮರ, ತಂತಿಯ ಆ ಪೆಟ್ಟಿಗೆ ತಾತಾರ ಭಾಷೆಯಲ್ಲಿ ಮಾತಾಡಬಲ್ಲದು ಎಂದು ತಂಝಿಲಾ ಎಷ್ಟು ವರ್ಷದಿಂದ ಹೇಳಿದರೂ ಯಾರೂ ನಂಬಿರಲಿಲ್ಲ.

"ಇದು ನಿಮ್ಮದು," ಎಂದಳು ಜೈತೂನಾ ಕೊನೆಗೆ. ಮತ್ತೇನೂ ಹೇಳದೆ ಕೂತಳು.

ಊರಿನ ಹಾಡು ಬಂತು. ಬೆಳಗಿನ ಓಟವಿಲ್ಲ, ನಿಧಾನವಾಗಿ, ಪುಕ್ಕ ಹಿಡಿಹಿಡಿಯಾಗಿ ಬರುವ ಗತಿಯಲ್ಲಿ ಬಂತು. ಮೊದಲ ಭಾಗ ಮುಗಿಯಿತು. ಜೈತೂನಾ ಕೈ ಎತ್ತಿದಳು. ನಿಲ್ಲಿಸಿದಳು.

ತೂತು ಬಂದೇಬಿಟ್ಟಿತು. ಎಲ್ಲರೂ ಕಮರ್‌ಬಾನುವಿನ ಕಡೆ ನೋಡಿದರು. ಅವಳು ಹೇಳಿದಂತೆಯೇ ಎದ್ದಳು. ಪೂರ್ತಿ ಅಲ್ಲ, ಅರ್ಧ. ಅಲ್ಲೇ ಅವಳ ತಲೆ ಎಡಕ್ಕೆ ಹೊರಳಿತು, ಸ್ವಲ್ಪ ಕೆಳಕ್ಕೆ, ಪಕ್ಕದಲ್ಲಿ ಕೂತವರ ಕೈಯನ್ನು ನೋಡುವ ಹಾಗೆ. ಅಲ್ಲಿ ಖಾಲಿ ಕುರ್ಚಿ. ಅವಳ ಎರಡೂ ಕೈ ಮುಂದೆ ಬಂದು, ಏನನ್ನೋ ಹಿಡಿದುಕೊಂಡು ತಡೆದು ನಿಂತವು. ಪಿಯಾನೊ ಮತ್ತೆ ಶುರುವಾದ ಗಳಿಗೆಗೆ ಸರಿಯಾಗಿ ಆ ಮಣಿಕಟ್ಟುಗಳೆರಡೂ ತಿರುಗಿದವು. ಬೆಳಿಗ್ಗೆ ತನ್ನ ಮಣಿಕಟ್ಟು ಹಾಗೆಯೇ ತಿರುಗಿತ್ತೆಂದು ತಂಝಿಲಾಗೆ ಹೊಳೆಯಿತು. ಅದು ಹೆಬ್ಬಾತು ಮಗುಚುವ ರೀತಿ.

ಕಮರ್‌ಬಾನು ಹೋಗಲಿಲ್ಲ, ಕೂರಲೂ ಇಲ್ಲ. ರಚನೆ ಮುಗಿಯುವವರೆಗೂ ನಿಂತೇ ಇದ್ದಳು. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ಏನು ಹೇಳುತ್ತಾಳೋ ಎಂದು ಸಭೆ ಕಾದಿತ್ತು.

"ಮಗಳೇ," ಎಂದಳು. "ಅಲ್ಲಿ ನಿಲ್ಲಿಸು ಅಂತ ಯಾರು ಹೇಳಿದ್ದು ನಿನಗೆ?"

"ಬರೆದೋರು ಬರೆದಿದಾರೆ ಆಪಾ. ಯಾಕೆ ಅಂತ ನನಗೆ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ, ತಂಝಿಲಾ ಆಪಾ ನನಗೋಸ್ಕರ ಕೈ ನಿಲ್ಲಿಸಿದಾಗ." ಜೈತೂನಾ ಎದ್ದು ವೇದಿಕೆಯ ಅಂಚಿಗೆ ಬಂದಳು. "ಅವ್ರು ನಿಮ್ಮ ತವರಿಗೆ ಬಂದ ದಿನ ಹಾಡು ಹೇಳಿಕೊಡ್ತಾ ಇದ್ದೋರು ಯಾರು?"

"ನಾನು. ಇನ್ಯಾರು? ನಾನೇ ಎತ್ತಿಕೊಡ್ತಿದ್ದೆ, ಉಳಿದೋರು ಹಿಂದೆ ಹಾಡ್ತಿದ್ರು."

"ಹಾಗಾದ್ರೆ ಅಲ್ಲಿ ನಿಲ್ಲಿಸ್ತಿದ್ದೋರೂ ನೀವೇ."

ಕಮರ್‌ಬಾನು ಎಡಗಡೆಯ ಖಾಲಿ ಕುರ್ಚಿಯನ್ನು ನೋಡಿದಳು. "ಮಾಹಿರಾ ಕಡೆ ಮುಗೀತಿರಲಿಲ್ಲ," ಎಂದಳು ಆಮೇಲೆ, ಯಾರಿಗೂ ಹೇಳದವಳಂತೆ. "ಅವಳ ಬೆರಳು ಮಡಚ್ತಿರಲಿಲ್ಲ ನೋಡು. ಮಗುಚೋಕೆ ಮುಂಚೆ ನಾನು... ನಾನು ಕಾಯ್ತಿದ್ದೆನಾ?"

"ಒಂದ್ಸಲ ಕಾದಿದ್ರೆ ಅವ್ರು ಬರ್ಕೊಳ್ತಿರಲಿಲ್ಲ. ಪ್ರತಿ ಸುತ್ತಿನಲ್ಲೂ ಕಾದಿದೀರಿ. ಅದಕ್ಕೇ ಅದು ಹಾಡಿಗೇ ಸೇರಿದ್ದು ಅಂತ ಅವ್ರು ತಿಳ್ಕೊಂಡ್ರು."

"ನಾನು ಬರೀ ಬೈದೆ ಅಂದ್ಕೊಂಡಿದ್ದೆ," ಎಂದಳು ಕಮರ್‌ಬಾನು. ಕುರ್ಚಿಯಲ್ಲಿ ಕುಸಿದು ಕೂತು, ಸೆರಗಿನಂತೆ ಇಳಿಬಿಟ್ಟಿದ್ದ ತಲೆವಸ್ತ್ರದ ತುದಿಯಿಂದ ಮುಖ ಮುಚ್ಚಿಕೊಂಡು, ಎಲ್ಲರ ಎದುರಿಗೇ ಅತ್ತಳು. ಅತ್ತೆ ಅಳುವುದನ್ನು ತಂಝಿಲಾ ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅವಳ ಬೆನ್ನ ಮೇಲೆ ಕೈಯಿಟ್ಟಳು. ಮುದುಕಿ ಆ ಕೈಯನ್ನು ತಳ್ಳಲಿಲ್ಲ.

ಮುಖ ಒರೆಸಿಕೊಂಡ ಮೇಲೆ ಅವಳ ಹಳೆಯ ಗತ್ತು ಮರಳಿ ಬಂತು. "ಇನ್ನೊಂದ್ಸಲ ನುಡಿಸು. ಈ ಸಲ ನಾವೂ ಹಾಡ್ತೀವಿ. ಏಳ್ರೇ ಎಲ್ರೂ."

ಜೈತೂನಾ ಕೂತಳು. ಕಮರ್‌ಬಾನು ಎತ್ತಿಕೊಟ್ಟಳು. ಅಷ್ಟು ವರ್ಷ ತುಟಿ ಬಿಚ್ಚದ ಗಂಟಲು ಮೊದಲ ಸಾಲಿನಲ್ಲಿ ತಡವರಿಸಿತು, ಎರಡನೆಯದರಲ್ಲಿ ದಾರಿ ಹಿಡಿಯಿತು. ಹೆಂಗಸರು ಸೇರಿಕೊಂಡರು, ಆಮೇಲೆ ಗಂಡಸರೂ ಸೇರಿದರು. ಮೊದಲ ಭಾಗ ಮುಗಿಯಿತು, ಪಿಯಾನೊ ನಿಂತಿತು. ರೂಢಿಯ ಮೇಲೆ ಊರೆಲ್ಲ ಮುಂದಿನ ಸಾಲಿಗೆ ಓಡಿತು. ಎಲ್ಲರಿಗಿಂತ ಮುಂದೆ ಮಿನ್ಸಿಲು.

ಕಮರ್‌ಬಾನು ಹಿಂದಕ್ಕೆ ತಿರುಗಿ ಕೈ ಎತ್ತಿದಳು.

"ತಡೀರೇ," ಎಂದಳು. "ಅವಳ ಕಡೆ ಇನ್ನೂ ಮುಗಿದಿಲ್ಲ."

ಎಲ್ಲರೂ ಬಾಯಿ ಮುಚ್ಚಿ ಕಾದರು.